ಹನ್ನೊಂದು ಗಂಟೆಗೆ ಹೊಲಿಗೆ ಬಿಡುವ ಮಿಷಿನ್

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ತುಳಸಿಮಣಿ ಹನ್ನೆರಡು ವರ್ಷ ಹೊಲಿದಳು. ಮಿಷಿನ್ ಕೆಟ್ಟು ನಿಂತಾಗ ಉಳಿದ ಹೆಂಗಸರು ಸೊಂಟ ನೀವಿಕೊಂಡು ಟೀ ಕುಡಿಯಲು ಎದ್ದರೆ, ಇವಳು ಮಾತ್ರ ಮೆಕ್ಯಾನಿಕ್ಕಿನ ಹೆಗಲ ಮೇಲಿಂದ ಇಣುಕುತ್ತ ನಿಂತಿರುತ್ತಿದ್ದಳು. ‘ಅದ್ಯಾಕೆ ಬಿಚ್ಚಿದ್ರಿ? ಇದ್ಯಾಕೆ ತಿರುಗ್ತಿದೆ?’ ಅಂತ ಕೇಳಿ ಕೇಳಿ ಅವರ ತಲೆ ತಿನ್ನುತ್ತಿದ್ದಳು. ಹಾಗೆ ಇಣುಕಿಯೇ ಕಸುಬು ಕಲಿತಳು. ಮಿಷಿನ್ ಮಾರುವ, ರಿಪೇರಿ ಮಾಡುವ ಸೆಂಗೋಡನ್ ಅವರ ಅಂಗಡಿಗೆ ಕೆಲಸಕ್ಕೆ ಸೇರಿದಾಗ ಆ ಬೀದಿಯಲ್ಲಿ ಸ್ಪ್ಯಾನರ್ ಹಿಡಿದ ಹೆಂಗಸು ಅವಳೊಬ್ಬಳೇ.

ಸೆಂಗೋಡನ್ ಕೆಟ್ಟ ಮನುಷ್ಯನಲ್ಲ. ಸಂಬಳ ತಡಮಾಡಿದವರಲ್ಲ, ದೀಪಾವಳಿಗೆ ಸೀರೆ ತಪ್ಪಿಸಿದವರಲ್ಲ. ಆದರೆ ಅವರದೊಂದು ಕಟ್ಟುನಿಟ್ಟಿತ್ತು. ಹೋಗಬೇಕು, ಕೆಟ್ಟ ಭಾಗ ಬದಲಿಸಬೇಕು, ಅರ್ಧ ಗಂಟೆಯಲ್ಲಿ ಅಲ್ಲಿಂದ ಏಳಬೇಕು. ಯಾಕೆ ಕೆಟ್ಟಿತು ಅನ್ನುವುದು ಅಂಗಡಿಗೆ ಬೇಡದ ಮಾತು.

ಹೀಗೆ ನಾಲ್ಕು ವರ್ಷ ಕಳೆದ ಮೇಲೆ ಮರಗದಂ ಅವರ ಮಿಷಿನ್ನಿನ ರಿಪೇರಿ ಬಂತು.

ಮರಗದಂ ಪೆರುಮಾನಲ್ಲೂರು ರಸ್ತೆಯಲ್ಲಿ ಎಂಟು ಮಿಷಿನ್ ಇಟ್ಟುಕೊಂಡು ಮಕ್ಕಳ ಬನಿಯನ್ ಹೊಲಿಸುತ್ತಿದ್ದ ಐವತ್ತರ ಹೆಂಗಸು. ಬಟ್ಟೆಯ ಅಂಚು ಕೂಡಿಸಿ ಹೊಲಿಯುವ ಅವರ ಮೂರನೇ ಓವರ್‌ಲಾಕ್ ಮಿಷಿನ್‌ಗೆ ವಿಚಿತ್ರ ರೋಗ. ಬೆಳಿಗ್ಗೆ ಮುತ್ತು ಪೋಣಿಸಿದಂತೆ ಹೊಲಿಯುತ್ತದೆ. ಹನ್ನೊಂದು ಗಂಟೆ ಆಯಿತೋ, ಮೂರು ಹೊಲಿಗೆಗೆ ಒಂದು ಬಿಡುತ್ತದೆ. ಊಟದ ಹೊತ್ತಿಗೆ ಮತ್ತೆ ಸರಿಹೋಗುತ್ತದೆ. ಅಂಗಡಿಯಿಂದ ಮೂರು ಸಲ ಜನ ಹೋದರು. ಸೂಜಿ ಬದಲಾಯಿತು, ದಾರಕ್ಕೆ ಕುಣಿಕೆ ಹಾಕುವ ಲೂಪರ್ ಬದಲಾಯಿತು, ದಾರ ಬಿಗಿಮಾಡುವ ಬಿಲ್ಲೆಗಳೂ ಬದಲಾದವು. ರೋಗ ಹೋಗಲಿಲ್ಲ.

ನಾಲ್ಕನೇ ಸಲ, ಹನ್ನೊಂದು ಗಂಟೆ ನೋಡಿಕೊಂಡೇ, ತುಳಸಿಮಣಿ ಹೋದಳು. ಅವಳು ಕೂತು ನೋಡಿದ ಅರ್ಧ ಗಂಟೆಯೂ ಮಿಷಿನ್ ಒಳ್ಳೆಯ ಮನೆತನದ ಸೊಸೆಯ ಹಾಗೆ ನಡೆದುಕೊಂಡಿತು.

“ನೀವು ಬಂದ್ರೆ ಸಾಕು, ಇದಕ್ಕೆ ಎಲ್ಲಿಲ್ಲದ ಮರ್ಯಾದೆ ಬಂದ್ಬಿಡುತ್ತೆ ನೋಡಿ ಅಮ್ಮಣಿ,” ಅಂದರು ಮರಗದಂ. “ಎದ್ದು ಹೋಗಿ, ಶುರು ಹಚ್ಕೊಳ್ಳುತ್ತೆ.”

ಆ ಮಾತು ತುಳಸಿಮಣಿಯನ್ನು ಹುಳದ ಹಾಗೆ ಕೊರೆಯಿತು. ಕಬ್ಬಿಣಕ್ಕೆ ಗಂಟೆ ಹೇಗೆ ಗೊತ್ತಾಗುತ್ತದೆ? ಮೆಕ್ಯಾನಿಕ್ ಬಂದದ್ದು ಹೇಗೆ ಗೊತ್ತಾಗುತ್ತದೆ? ಮನೆಯಲ್ಲಿ ಗಂಡ ಕಂದವೇಲು ಬಡಿಸಿದ ಅಕ್ಕಿಬೇಳೆ ಅನ್ನ ತಟ್ಟೆಯಲ್ಲೇ ಆರಿತು.

“ಯಾವ ಊರಲ್ಲಿದೀಯ?” ಅಂದ ಕಂದವೇಲು.

“ಪೆರುಮಾನಲ್ಲೂರು ರಸ್ತೇಲಿ.”

ಮರುದಿನ ಸೆಂಗೋಡನ್ ಹತ್ತಿರ ಹೋಗಿ, “ಅಣ್ಣಾ, ನಂಗೆ ಒಂದು ದಿನ ಪೂರ್ತಿ ಅಲ್ಲೇ ಕೂತು ನೋಡಬೇಕು,” ಅಂದಳು.

“ಏನದು, ಸಿನಿಮಾನಾ? ಮಿಷಿನ್ ಹಳೇದಾಯ್ತು, ಹೊಸದು ತಗೊಳ್ಳಿ ಅಂತ ಹೇಳ್ಬಿಡು.”

ಅವಳು ಹೇಳಲಿಲ್ಲ. ಬದಲಿಗೆ ತನ್ನ ರಜೆಯಲ್ಲೊಂದು ದಿನ ತೆಗೆದುಕೊಂಡು, ಚೀಲದಲ್ಲಿ ಸ್ಪ್ಯಾನರನ್ನೂ ಇಟ್ಟುಕೊಳ್ಳದೆ, ಮರಗದಂ ಅವರ ಶೆಡ್ಡಿನ ಮೂಲೆಯಲ್ಲಿ ಬಟ್ಟೆಯ ಮೂಟೆಯೊಂದರ ಮೇಲೆ ಕೂತಳು. “ನಾನು ಇದೀನಿ ಅಂತ್ಲೇ ಮರೆತುಬಿಡಿ ಅಕ್ಕಾ,” ಅಂದಳು.

ಒಂಬತ್ತು, ಹತ್ತು, ಏನೂ ಆಗಲಿಲ್ಲ. ಹತ್ತೂಮುಕ್ಕಾಲಿಗೆ ಮೇಲಿನ ಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದು ಎರಡನೇ ಮಿಷಿನ್ನಿನವಳ ಬೆನ್ನ ಮೇಲೆ ಕೂತಿತು. ಅವಳು ಹೊಲಿಗೆ ನಿಲ್ಲಿಸದೆಯೇ ಕಾಲು ಚಾಚಿ, ನಿಲುವು ಫ್ಯಾನಿನ ಕುತ್ತಿಗೆಯನ್ನು ತನ್ನ ಕಡೆ ತಿರುಗಿಸಿದಳು. ಗಾಳಿ ಅವಳನ್ನು ದಾಟಿ ಮೂರನೇ ಮಿಷಿನ್ನಿಗೆ ಬಡಿಯಿತು. ಅದರ ನೆತ್ತಿಯ ಮೇಲೆ ದಾರದ ಉಂಡೆಗಳು ನಿಲ್ಲುವ ಕಂಬಿ. ಉಂಡೆಯಿಂದ ಸಡಿಲವಾಗಿ ಮೇಲೇರುತ್ತಿದ್ದ ದಾರ ಗಾಳಿಗೆ ತೂಗಾಡಿ, ಕಂಬಿಗೆ ಒಂದು ಸುತ್ತು ಹಾಕಿಕೊಂಡಿತು. ಬಿಗಿಯಿತು. ಟಕ್ ಅಂತ ಹೊಲಿಗೆ ಬಿಟ್ಟಿತು.

ತುಳಸಿಮಣಿ ಮೂಟೆಯಿಂದ ಜಿಗಿದು ಎದ್ದು ನಿಂತಳು. ಊಟದ ಹೊತ್ತಿಗೆ ಬಿಸಿಲು ಸರಿಯುತ್ತದೆ, ಫ್ಯಾನು ಮೊದಲಿನ ಕಡೆಗೇ ತಿರುಗುತ್ತದೆ, ರೋಗವೂ ಹೋಗುತ್ತದೆ. ಇನ್ನೊಂದು ಪ್ರಶ್ನೆ ಉಳಿದಿತ್ತಲ್ಲ, ಮೆಕ್ಯಾನಿಕ್ ಬಂದಾಗ ಯಾಕೆ ಸರಿಹೋಗುತ್ತೆ? ಆಮೇಲೆ ಅದೂ ಹೊಳೆಯಿತು. ಮೆಕ್ಯಾನಿಕ್ಕಿಗೆ ಕೂರಲು ಜಾಗ ಬೇಕು ಅಂತ ಶೆಡ್ಡಿನವರು ಮೊದಲು ಎತ್ತಿ ಆಚೆ ಇಡುತ್ತಿದ್ದದ್ದೇ ಆ ಫ್ಯಾನು!

ಕಿಂಡಿಗೆ ಒಂದು ರಟ್ಟು ಅಡ್ಡ ಇಟ್ಟರು. ಬಿಸಿಲು ಬೆನ್ನಿಗೆ ಬೀಳುವುದು ತಪ್ಪಿತು, ಫ್ಯಾನು ತಿರುಗಿಸುವುದು ತಪ್ಪಿತು, ಹೊಲಿಗೆ ಬಿಡುವುದೂ ತಪ್ಪಿತು. ಮರಗದಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಒತ್ತಾಯ ಮಾಡಿ ಒಂದು ಡಬ್ಬಿ ಕಡಲೆ ಉಂಡೆ ಕೊಟ್ಟು ಕಳಿಸಿದರು.

ಸುದ್ದಿ ಎರಡೇ ದಿನದಲ್ಲಿ ಸೆಂಗೋಡನ್ ಕಿವಿಗೆ ಬಿತ್ತು. ಅವರು ಕೂಗಾಡಲಿಲ್ಲ. ಎದುರಿಗೆ ಕೂರಿಸಿಕೊಂಡೇ ಕೇಳಿದರು.

“ಒಂದು ದಿನ ಹಾಳುಮಾಡಿ ಒಂದು ಫ್ಯಾನು ಸರಿಸಿ ಬಂದಿದೀಯ. ನಾನು ಬಿಲ್ಲಲ್ಲಿ ಏನು ಬರೀಲಿ? ಸೂಜಿ ಹಾಕಿದ್ರೆ ಸೂಜಿ ಅಂತ ಬರೀಬಹುದು. ಬರೀ ನೋಡಿದ್ದಕ್ಕೆ ಯಾರು ದುಡ್ಡು ಕೊಡ್ತಾರೆ, ಹೇಳು ನೋಡೋಣ?”

ಅವರು ಚುಚ್ಚಲೆಂದೇ ಕೇಳಿದ್ದು. ತುಳಸಿಮಣಿಗೆ ಮಾತ್ರ ಅದು ನಿಜವಾದ ಪ್ರಶ್ನೆಯ ಹಾಗೇ ಕೇಳಿಸಿತು. ಹೌದಲ್ಲ, ಯಾರು ಕೊಡ್ತಾರೆ? ಕೊಡ್ತಾರೋ ಇಲ್ಲವೋ?

“ಗೊತ್ತಿಲ್ಲ ಅಣ್ಣಾ,” ಅಂದಳು.

ಸೆಂಗೋಡನ್ ಮೆತ್ತಗಾದರು. “ನೋಡಮ್ಮಾ, ನಿನ್ನ ಕೈ ಒಳ್ಳೇದು. ಮುಂದಿನ ತಿಂಗಳಿಂದ ಅಂಗಡೀಲೇ ಕೂತ್ಕೋ. ಯಾರನ್ನ ಎಲ್ಲಿಗೆ ಕಳಿಸ್ಬೇಕು ಅಂತ ನೀನೇ ನೋಡ್ಕೋ. ಸಂಬಳ ಜಾಸ್ತಿ ಮಾಡ್ತೀನಿ. ಬಿಸಿಲಲ್ಲಿ ಅಲೆಯೋದೂ ತಪ್ಪುತ್ತೆ.”

ವಾರವಿಡೀ ಅವಳು ಆ ಮಾತನ್ನು ತಿರುವಿ ಹಾಕಿದಳು. ಕುರ್ಚಿ, ಫ್ಯಾನು, ಹೆಚ್ಚಿನ ಸಂಬಳ, ಎಲ್ಲ ಸರಿ. ಆದರೆ ಮಿಷಿನ್ ಎಲ್ಲಿ? ಕೊನೆಗೆ ಕಂದವೇಲುವಿಗೆ ಹೇಳಿದಳು.

“ನಾನೇ ಸ್ವಂತ ಶುರು ಮಾಡಿದ್ರೆ?”

ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕಂದವೇಲು ತನ್ನ ಹಸಿರುಗಟ್ಟಿದ ಉಗುರುಗಳನ್ನು ನೋಡಿಕೊಳ್ಳುತ್ತ ಕೂತ.

“ಅಂಗಡಿ ಬೇಕಲ್ಲ?”

“ಮೊಪೆಡ್ ಇದೆಯಲ್ಲ.”

“ನಡೀದೇ ಹೋದ್ರೆ?”

“ಅದೇ ನಂಗೂ ನೋಡ್ಬೇಕಾಗಿರೋದು, ನಡೆಯುತ್ತೋ ಇಲ್ವೋ ಅಂತ.”

“ಸರಿ, ಆ ಹುಚ್ಚು ಬಿಡೋವರೆಗೂ ನನ್ನ ಸಂಬಳ ಇದೆ,” ಅಂದ ಅವನು.

ಸೆಂಗೋಡನ್ ಬೀಳ್ಕೊಡುವಾಗ, “ಆರು ತಿಂಗಳಿಗೆ ವಾಪಸ್ ಬರ್ತೀಯ, ಜಾಗ ಇಟ್ಟಿರ್ತೀನಿ,” ಅಂದರು. ಅದರಲ್ಲಿ ಕೊಂಕು ಎಷ್ಟು, ಅಕ್ಕರೆ ಎಷ್ಟು ಅಂತ ಅವಳಿಗೆ ತಿಳಿಯಲಿಲ್ಲ.

ಮೊದಲ ಎರಡು ತಿಂಗಳು ಜನ ಫೋನು ಮಾಡಿ, “ಜೊತೇಲಿ ಗಂಡಸರು ಯಾರೂ ಬರಲ್ವಾ?” ಅಂತ ಕೇಳಿ ಇಟ್ಟುಬಿಡುತ್ತಿದ್ದರು. ಕರೆದವರೂ, ಅವಳು ಸುಮ್ಮನೆ ಕೂತು ನೋಡುವುದನ್ನು ಕಂಡು, “ಏನಮ್ಮಾ, ಕೈಗೆ ಗೋರಂಟಿ ಹಾಕ್ಕೊಂಡಿದೀಯಾ?” ಅಂತ ಗೇಲಿ ಮಾಡುತ್ತಿದ್ದರು. ಒಂದು ಶೆಡ್ಡಿನಲ್ಲಿ ಅರ್ಧ ದಿನ ನೋಡಿ ರೋಗ ಕಂಡುಹಿಡಿದರೂ, “ಏನೂ ಬದಲಿಸಿಲ್ಲವಲ್ಲ” ಅಂತ ಒಂದು ಲೋಟ ಮಜ್ಜಿಗೆ ಕೊಟ್ಟು ಕೈತೊಳೆದುಕೊಂಡರು. ಹಿಂತಿರುಗುವ ದಾರಿಯಲ್ಲಿ ಅವಳಿಗೆ ಅಳುವೇ ಬಂತು. ಸೆಂಗೋಡನ್ ಮಾತೇ ನಿಜವೇನೋ ಅನ್ನಿಸಿತು.

ಆ ಸಂಜೆಯೇ ಅವಳೊಂದು ತೀರ್ಮಾನ ಮಾಡಿದಳು. ಇನ್ನು ಮೇಲೆ ಕೂರುವ ಮೊದಲೇ ಹೇಳುವುದು: ‘ಕಂಡುಹಿಡಿದರೆ ಇಷ್ಟು, ಏನೂ ಬದಲಿಸದಿದ್ದರೂ ಇಷ್ಟೇ. ಸಿಗದಿದ್ದರೆ ಒಂದು ಪೈಸೆಯೂ ಬೇಡ.’ ಮರಗದಂ ತಮಗೆ ಗೊತ್ತಿದ್ದವರಿಗೆಲ್ಲ ಫ್ಯಾನಿನ ಕತೆಯನ್ನು ಉಪ್ಪುಖಾರ ಹಚ್ಚಿ ಹೇಳುತ್ತಿದ್ದರು. ಸಣ್ಣ ಶೆಡ್ಡಿನವರು ಒಬ್ಬೊಬ್ಬರಾಗಿ ಕರೆಯತೊಡಗಿದರು. ಮಿಷಿನ್ ಕೊಳ್ಳಲಾಗದವರಿಗೆ, ಇರುವುದನ್ನು ಅರ್ಥಮಾಡಿಕೊಳ್ಳುವವರು ಬೇಕಾಗಿತ್ತು. ಆರು ತಿಂಗಳು ಕಳೆದು ವರ್ಷವಾಯಿತು. ಸಂಬಳದಷ್ಟು ಕೆಲವು ತಿಂಗಳು ಬರುತ್ತದೆ, ಕೆಲವು ತಿಂಗಳು ಇಲ್ಲ. ಅವಳು ವಾಪಸ್ ಹೋಗಲಿಲ್ಲ.

ಈಗ ಪಕ್ಕದ ಅವಿನಾಶಿ ಊರಿನ ಶೆಡ್ಡಿನಲ್ಲೊಂದು ಗುಂಡಿ ಹೊಲಿಯುವ ಮಿಷಿನ್ ಇದೆ. ಕಪ್ಪು ದಾರ ಹಾಕಿದರೆ ದಿನವಿಡೀ ಓಡುತ್ತದೆ, ಬಿಳಿ ಹಾಕಿದರೆ ಕಡಿಯುತ್ತದೆ. ದಾರದ ಕಂಪನಿ ಬದಲಿಸಿ ನೋಡಿದ್ದಾಯಿತು. ನಾಲ್ಕು ಸಲ ಹೋಗಿ ಕೂತರೂ ತುಳಸಿಮಣಿಗೆ ಸಿಕ್ಕಿಲ್ಲ, ಮಾತಿನಂತೆ ದುಡ್ಡೂ ಮುಟ್ಟಿಲ್ಲ. ಮೊನ್ನೆ ಐದನೇ ಸಲ ಮೊಪೆಡ್ ನಿಲ್ಲಿಸಿದಾಗ ಅಲ್ಲಿನ ಮಾಲೀಕರಿಗೇ ನಾಚಿಕೆಯಾಯಿತು.

“ಬಿಟ್ಬಿಡಿ ಅಮ್ಮಣಿ, ನಾವು ಬಿಳಿ ಕೆಲಸ ಬೇರೆ ಮಿಷಿನ್ನಿಗೆ ಹಾಕ್ಕೋತೀವಿ.”

“ಅಯ್ಯೋ, ಹಾಗೆಲ್ಲ ಮಾಡ್ಬೇಡಿ!” ಅಂತ ಗಾಬರಿಯಿಂದ ಹೇಳಿದ ತುಳಸಿಮಣಿ, ಚಪ್ಪಲಿ ಬಿಟ್ಟು ಒಳಗೆ ಬಂದು, ಮಿಷಿನ್ನಿನ ಪಕ್ಕ ನೆಲದ ಮೇಲೇ ಕೂತಳು. “ಬಿಳೀ ದಾರ ಹಾಕಿ.”