ಮೂರು ವಾರ ಕೊಯ್ಯದ ಇಳಿಜಾರು

ಶವವಾಹನದ ಹಿಂಬಾಗಿಲು ಹಾಕುತ್ತಿದ್ದ ನಿವೃತ್ತ ಮೇಸ್ತ್ರಿ ತಲೆಯೆತ್ತಿ ಡ್ರೈವರ್‌ಗೆ ಹೇಳಿದರು, "ದೊಡ್ಡ ರಸ್ತೆ ಬೇಡಪ್ಪ. ರೈಲು ಹಳಿ ಪಕ್ಕದ ಇಳಿಜಾರಿನ ಮೇಲೆ ಹೋಗೋಣ."

"ಸುತ್ತು ಆಗುತ್ತಲ್ಲ," ಎಂದ ಅಳಿಯ.

"ಆಗ್ಲಿ. ಮೂವತ್ತು ವರ್ಷ ನಿಮ್ಮ ಮಾವ ಅಲ್ಲಿ ಹುಲ್ಲು ಕೊಯ್ದಿದ್ದಾರೆ. ಕೊಯ್ಯದೆ ಬಿಟ್ಟಿದ್ದಕ್ಕೆ ನನ್ನ ಹತ್ರ ಬೈಸಿಕೊಂಡಿದ್ದಾರೆ."

ಮುಂದಿನ ಸೀಟಿನಲ್ಲಿ ಕೂತಿದ್ದ, ತೀರಿಕೊಂಡವನ ಹೆಂಡತಿ ತಿರುಗಿ ನೋಡದೆ ಅಂದಳು, "ಬೈದಿದ್ದಷ್ಟೇನಾ? ಬಡ್ತಿ ತಪ್ಪಿಸಿದ್ದೂ ನೀವೇ."

"ಹೌದಮ್ಮ," ಎಂದು ಮೇಸ್ತ್ರಿ ವಾಹನ ಹತ್ತಿದರು.

*

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಬೇಸಿಗೆಯಲ್ಲಿ, ತೀರಿಕೊಂಡವನು ಇಳಿಜಾರಿನ ನಡುವೆ ಹುಲ್ಲು ಕೊಯ್ಯುವ ಯಂತ್ರ ನಿಲ್ಲಿಸಿದ್ದ. ಹುಲ್ಲಿನಲ್ಲಿ ಒಬ್ಬ ಹುಡುಗಿ ಬೋರಲು ಮಲಗಿದ್ದಳು. ತಲೆಸುತ್ತಿ ಬಿದ್ದಿರಬೇಕೆಂದು ಓಡಿಹೋದರೆ, ಚಿಟ್ಟೆಗಳ ಬಗ್ಗೆ ಓದುತ್ತಿದ್ದ ಆಕೆ ನೇರಳೆ ಬಣ್ಣದ ಮೊಗ್ಗೊಂದನ್ನು ತೋರಿಸಿದಳು. ಅದರ ಮೇಲೊಂದು ಬಿಳಿ ಚುಕ್ಕೆ.

"ನೀಲಿ ಚಿಟ್ಟೆ ಮೊಟ್ಟೆ. ಮರಿಹುಳ ಮೊದಲು ಈ ಗಿಡ ಬಿಟ್ಟು ಬೇರೇನೂ ಮುಟ್ಟಲ್ಲ. ಸ್ವಲ್ಪ ಬೆಳೆದ ಮೇಲೆ ಕೆಂಪಿರುವೆಗಳು ಅದನ್ನ ತಮ್ಮದೇ ಮರಿ ಅಂದ್ಕೊಂಡು ಗೂಡಿಗೆ ಹೊತ್ಕೊಂಡು ಹೋಗ್ತಾವೆ."

"ಈಗ ಕೊಯ್ದರೆ?"

"ಮುಗೀತು. ಈ ಚಿಟ್ಟೆ ಇಲ್ಲಿ ಬಿಟ್ರೆ ಇನ್ನೆರಡು ಕಡೆ ಮಾತ್ರ ಇದೆ."

"ಎಷ್ಟು ದಿನ ಬಿಡಬೇಕು?"

"ಮೂರು ವಾರ. ಅಷ್ಟರಲ್ಲಿ ಮರಿಗಳೆಲ್ಲ ಇರುವೆ ಗೂಡು ಸೇರಿರ್ತಾವೆ."

ಅವನು ಯಂತ್ರದ ಬೀಗದಕೈ ತೆಗೆದು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಮೇಸ್ತ್ರಿ ಬಂದು ಕೂಗಾಡಿದರು. "ನಿನಗೆ ಸಂಬಳ ಕೊಡೋದು ಹುಲ್ಲು ಕೊಯ್ಯೋಕೆ, ಹುಳ ಸಾಕೋಕಲ್ಲ."

"ಕೊಯ್ತೀನಿ ಸಾರ್. ಮೂರು ವಾರ ಆಗ್ಲಿ."

ಪ್ರತಿ ವರ್ಷವೂ ಅದೇ ಮಾತು, ಅದೇ ಮೆಮೊ. ಹಾಗಂತ ಅವನು ಹುಲ್ಲನ್ನು ಬೆಳೆಯಲು ಬಿಟ್ಟವನಲ್ಲ. ಪೊದೆ ಎದ್ದರೆ ನೆಲಕ್ಕೆ ಬಿಸಿಲು ತಾಗುವುದಿಲ್ಲ, ಇರುವೆಗಳು ಜಾಗ ಖಾಲಿ ಮಾಡುತ್ತವೆ ಎಂದು ಕಲಿತಿದ್ದ. ಇಪ್ಪತ್ತೆರಡನೆಯ ದಿನ ನುಣ್ಣಗೆ ಕೊಯ್ದು, ಕಸವನ್ನೆಲ್ಲ ತಾನೇ ಬಾಚಿ ಹೊರಹಾಕುತ್ತಿದ್ದ. ಎರಡು ಸಲ ಬಡ್ತಿ ಕೈತಪ್ಪಿತು. ಮೂರನೆಯ ಸಲ ಅವನು ಅರ್ಜಿಯನ್ನೇ ಹಾಕಲಿಲ್ಲ.

*

ಇಳಿಜಾರಿನ ಬಳಿ ವಾಹನ ನಿಂತಿತು. ಅಂದಿನ ಹುಡುಗಿ ಕಾಯುತ್ತಿದ್ದಳು. ಈಗ ತಲೆ ನರೆತಿತ್ತು.

"ಈ ವರ್ಷ ಎಷ್ಟು ಚಿಟ್ಟೆ ಮೇಡಂ?" ಮೇಸ್ತ್ರಿ ಕೇಳಿದರು.

"ನಾನೂರ ಹನ್ನೆರಡು. ಮೊದಲ ವರ್ಷ ಹದಿನಾಲ್ಕಿತ್ತು."

"ಇನ್ನೆರಡು ಕಡೆ ಇದ್ವಲ್ಲ?"

"ಅಲ್ಲಿ ಪೂರ್ತಿ ಅಳಿದುಹೋಗಿದ್ವು. ಇಲ್ಲಿಂದಲೇ ತಗೊಂಡು ಹೋಗಿ ಬಿಟ್ವಿ. ಈಗ ಅಲ್ಲೂ ಹಾರ್ತಿವೆ."

ಮೇಸ್ತ್ರಿ ವಾಹನದ ಕಡೆ ತಿರುಗಿ, ತಡೆದು ತಡೆದು ಅಂದರು, "ನನ್ನ ಕೈಕೆಳಗೆ ಕೆಲಸ ಮಾಡಿದ ಮನುಷ್ಯ."

ಹೆಂಡತಿ ಇಳಿದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಇಲ್ಲಿಗೆ ಬಂದವಳಲ್ಲ. "ಮನೆ ಮುಂದಿನ ಹುಲ್ಲು ಒಂದಿನಾನೂ ಕೊಯ್ದವರಲ್ಲ," ಎಂದಳು ಹಿಂದೆಯೇ ಇಳಿದ ಮಗಳಿಗೆ. "ಇದನ್ನ ಮಾತ್ರ ಕೂಸಿನ ಥರ ನೋಡ್ಕೊಂಡ್ರು." ದನಿಯಲ್ಲಿ ದೂರು ಇರಲಿಲ್ಲ.

ಮಗಳ ಭುಜ ಹಿಡಿದು, ಗಿಡಗಳ ನಡುವೆ ಹೆಜ್ಜೆ ನೋಡಿ ನೋಡಿ ಇಡುತ್ತಾ ಒಳಗೆ ಹೋದಳು. ಮೊಗ್ಗೊಂದರ ಮೇಲೆ ಹೆಬ್ಬೆರಳಿನ ಉಗುರಿನಷ್ಟಗಲದ ನೀಲಿ ಚಿಟ್ಟೆ ಮೊಟ್ಟೆಯಿಡಲು ಹೊಟ್ಟೆಯ ತುದಿ ಬಗ್ಗಿಸಿ ಕೂತಿತ್ತು. ಆಕೆ ಉಸಿರು ಬಿಗಿಹಿಡಿದು ಬಾಗಿದಳು. ಆಮೇಲೆ, ತನ್ನ ನೆರಳು ಅದರ ಮೇಲೆ ಬೀಳದಂತೆ ಮೆಲ್ಲನೆ ಪಕ್ಕಕ್ಕೆ ಸರಿದು ನಿಂತಳು.