ಬೀರುವಿನ ಮಾಸ್ಕುಗಳು

"ಜೋರಾಗಿ ಉಸಿರು ಬಿಡು ಪುಟ್ಟಿ. ಪಕ್ಕದಿಂದ ಗಾಳಿ ಸೋರ್ತಿದೆಯಾ ನೋಡು."

ದೊಡ್ಡ ಡಾಕ್ಟರು ಮಗಳಿಗೆ ಬಿಗಿ ಮಾಸ್ಕು ತೊಡಿಸುತ್ತಿದ್ದರು. ಒಂದು ಪಟ್ಟಿ ನೆತ್ತಿಯ ಮೇಲೆ, ಇನ್ನೊಂದು ಕತ್ತಿನ ಹಿಂದೆ. ಮೂಗಿನ ತಂತಿಯನ್ನು ಬೆರಳಿಂದ ಒತ್ತಿ ಕೂರಿಸಿದರು. ಹೊಸದಾಗಿ ಡಾಕ್ಟರಾಗಿದ್ದ ಮಗಳು, ಮಂಚದ ಮೇಲಿದ್ದ ಕ್ಷಯರೋಗಿಯ ಶ್ವಾಸಕೋಶದೊಳಕ್ಕೆ ಅಪ್ಪ ಪರೀಕ್ಷೆಯ ಕೊಳವೆ ಇಳಿಸುವುದನ್ನು ನೋಡಲು ಬಂದಿದ್ದಳು.

ಟ್ರೇ ಹಿಡಿದಿದ್ದ ಸಿಸ್ಟರ್ ನಿಂತಲ್ಲೇ ನಿಂತಳು. ಅವಳ ಮೂಗಿನ ಮೇಲಿದ್ದದ್ದು ತೆಳ್ಳನೆಯ, ಕೆನ್ನೆಗೆ ಅಂಟದ ಮಾಸ್ಕು. ಬಿಗಿಯದನ್ನು ಕೇಳಿದಾಗಲೆಲ್ಲ ಈ ಮಹಾನುಭಾವರು ಅವುಗಳನ್ನಿಟ್ಟ ಬೀರುವಿನ ಕೀಲಿಕೈ ಇದ್ದ ಜೇಬನ್ನು ಸವರಿಕೊಂಡು, "ಅದು ಮೇಲಿಂದ ತಪಾಸಣೆಗೆ ಬರೋರಿಗೆ ತೋರಿಸೋಕೆ. ಅಷ್ಟು ಜೀವಭಯ ಇದ್ದೋರು ಈ ಕೆಲಸಕ್ಕೆ ಯಾಕೆ ಬರ್ತೀರಿ?" ಎಂದು ಭಾಷಣ ಬಿಗಿಯುತ್ತಿದ್ದರು. ಇದೇ ಮಂಚದ ಪಕ್ಕ ನಿಲ್ಲುತ್ತಿದ್ದ ಕಿರಿಯ ನರ್ಸ್ ಈಗ ಕ್ಷಯ ಹತ್ತಿಸಿಕೊಂಡು ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ಅದಕ್ಕೂ ಇವರಲ್ಲಿ ಉತ್ತರವಿತ್ತು: "ಅವರ ಮನೇಲಿ ಜನ ಜಾಸ್ತಿ. ಅಲ್ಲೇ ಬಂದಿರುತ್ತೆ." ಆ ಮನೆಯಲ್ಲಿದ್ದದ್ದು ಅವಳು ಮತ್ತು ಅವಳ ತಾಯಿ.

ಇಷ್ಟು ದಿನ ಸಿಸ್ಟರ್ ಡಾಕ್ಟರನ್ನು ಶತದಡ್ಡನೆಂದು ತಿಳಿದು ಕ್ಷಮಿಸಿದ್ದಳು. ಹಳೆಯ ಕಾಲದ ಓದು, ರೋಗ ಗಾಳಿಯಲ್ಲಿ ಹರಡುವುದು ತಲೆಗೆ ಹತ್ತಿಲ್ಲ ಅಂದುಕೊಂಡಿದ್ದಳು. ಈಗ ನೋಡಿದರೆ ಈ ಮನುಷ್ಯನಿಗೆ ಎಲ್ಲವೂ ಗೊತ್ತು, ಸೋರುವುದನ್ನು ಪರೀಕ್ಷಿಸುವುದು ಕೂಡ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನನಗೂ ಒಂದು ಕೊಡಿ ಸರ್."

"ನಿಮಗೆಲ್ಲ ಅಭ್ಯಾಸ ಆಗಿದೆಯಲ್ಲ ಸಿಸ್ಟರ್. ಇವಳು ಹೊಸಬಳು."

"ಮನೇಲಿ ನನ್ನ ಮಗು ಇನ್ನೂ ಹಾಲು ಕುಡಿಯುತ್ತೆ. ಅದಕ್ಕೆ ಅಭ್ಯಾಸ ಆಗಿಲ್ಲ." ಅವಳು ಟ್ರೇಯನ್ನು ಮೇಜಿನ ಮೇಲಿಟ್ಟಳು. "ಕೊಡೋವರೆಗೂ ನಾನಿಲ್ಲಿ ನಿಲ್ಲಲ್ಲ."

"ನೋಟೀಸ್ ಕೊಡಿಸ್ತೀನಿ."

"ಕೊಡಿಸಿ."

"ಅಪ್ಪ, ಅವರು ಕೇಳ್ತಿರೋದರಲ್ಲಿ ತಪ್ಪೇನಿದೆ?" ಎಂದಳು ಮಗಳು.

ಮಗಳೆದುರು ಡಾಕ್ಟರು ಕ್ಷಣದಲ್ಲಿ ದಾನಶೂರರಾದರು. "ನಾನು ಯಾವತ್ತು ಬೇಡ ಅಂದೆ?" ಎನ್ನುತ್ತ ಕೀಲಿಕೈಯನ್ನು ಮೇಜಿನ ಮೇಲೆ ಎಸೆದರು.

ಸಿಸ್ಟರ್ ಪಕ್ಕದ ಕೋಣೆಗೆ ಹೋಗಿ ಬೀರು ತೆರೆದಳು. ತಳದಿಂದ ಮೇಲಿನವರೆಗೂ ಡಬ್ಬಿಗಳು. ತೆರೆದಿದ್ದದ್ದು ಒಂದೇ ಒಂದು. ಅದರಿಂದ ಒಂದು ಮಾಸ್ಕು ತೆಗೆದು ಪಟ್ಟಿಯನ್ನು ತಲೆಯ ಹಿಂದಕ್ಕೆ ಎಳೆದಳು. ಅದು ಪಟ್ಟನೆ ಕಿತ್ತುಬಂತು. ಇನ್ನೊಂದು ತೆಗೆದಳು, ಅದೂ ಕಿತ್ತುಬಂತು. ಬೇರೆ ಡಬ್ಬಿಯ ಸೀಲು ಒಡೆದಳು. ಒಳಗೆ ರಬ್ಬರು ಒಂದಕ್ಕೊಂದು ಅಂಟಿಕೊಂಡು ಅಂಟಂಟಾಗಿತ್ತು, ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ನಿಧಿ ಕಾಯುವ ಸರ್ಪದ ಹಾಗೆ ಕೂತು ಅವರು ಕಾದದ್ದು ಇದನ್ನು. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅತ್ತ ಡಾಕ್ಟರು ಅವಳಿಗಾಗಿ ಕಾಯದೆ ರೋಗಿಯ ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿದ್ದಿರಬೇಕು. ಒಂದು ಕೆಮ್ಮು ಕೇಳಿತು, ಹಿಂದೆಯೇ ಇನ್ನೊಂದು, ನಿಲ್ಲದಂಥದ್ದು.

"ಸಿಸ್ಟರ್, ಬೇಗ ಬನ್ನಿ!" ಡಾಕ್ಟರು ಕೂಗಿದರು. "ಪುಟ್ಟಿಯ ಮಾಸ್ಕು ಕಿತ್ತುಹೋಯ್ತು. ಇನ್ನೊಂದು ತಗೊಂಡು ಬನ್ನಿ."

ಅವಳು ಇಡೀ ಡಬ್ಬಿಯನ್ನೇ ಎತ್ತಿಕೊಂಡು ಹೊರಟಳು.