ಹಿಟ್ಟಿನ ಕೋಣೆಯಲ್ಲಿ ದೊರೆ

ನಾಲ್ಕನೆಯ ದಿನವೂ ಮೀನು ಕಾಳು ಮುಟ್ಟದಿದ್ದಾಗ ಚಿಕ್ಕಮ್ಮನಿಗೆ ದಿಕ್ಕೇ ತೋಚದಾಯಿತು.

ಮೀನು ಅಂದರೆ ಅದೇನು ಮೊಸಳೆಯಲ್ಲ. ಹೆಬ್ಬೆರಳುದ್ದದ ನೀಲಿ ಬೆಟ್ಟಾ, ಅಂದರೆ ಫೈಟರ್ ಮೀನು. ಹೆಸರು ಮಾತ್ರ ದೊರೆ. ಇನ್ನೊಂದು ಗಂಡು ಮೀನು ಪಕ್ಕಕ್ಕೆ ಬಂದರೆ ಸಾಯುವವರೆಗೂ ಕಾದಾಡುವ ಜಾತಿಯಾದ್ದರಿಂದ ಗಾಜಿನ ತೊಟ್ಟಿಯಲ್ಲಿ ಅವನೊಬ್ಬನದೇ ದರ್ಬಾರು. ಸಾಕಿದವಳು ಹನ್ನೊಂದು ವರ್ಷದ ಹುಡುಗಿ, ಬೇಕರಿಯವನ ತೀರಿಹೋದ ಮೊದಲ ಹೆಂಡತಿಯ ಮಗಳು. ಚಿಕ್ಕಮ್ಮ ಬೇಕರಿಯವನನ್ನು ಮದುವೆಯಾಗಿ, ಬೇಕರಿಯ ಮೇಲಿನ ಈ ಮನೆಗೆ ಬಂದು ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಹುಡುಗಿ ಒಮ್ಮೆಯೂ ಜಗಳವಾಡಿರಲಿಲ್ಲ, ಎದುರುತ್ತರ ಕೊಟ್ಟಿರಲಿಲ್ಲ, ಹಾಗೆಂದು ತಲೆ ಬಾಚಿಸಿಕೊಳ್ಳಲೂ ಹತ್ತಿರ ಬಂದಿರಲಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಅಂಥವಳು ಶನಿವಾರ ಶಾಲೆಯ ಶಿಬಿರಕ್ಕೆ ಹೊರಟಾಗ ಕಾಳಿನ ಡಬ್ಬಿಯನ್ನು ಅಪ್ಪನಿಗೆ ಕೊಡದೆ ಸೀದಾ ಚಿಕ್ಕಮ್ಮನ ಕೈಗಿಟ್ಟಿದ್ದಳು.

"ಬೆಳಿಗ್ಗೆ ಮೂರು ಕಾಳು, ಸಂಜೆ ಮೂರು. ಅಪ್ಪ ಮರೀತಾರೆ, ನೀವೇ ಹಾಕಿ."

ಹುಡುಗಿ ತಾನಾಗಿ ಅವಳ ಕೈಗೆ ಕೊಟ್ಟ ಮೊದಲ ವಸ್ತು ಅದು. ಚಿಕ್ಕಮ್ಮನ ಕಾಲು ಆ ದಿನವೆಲ್ಲ ನೆಲದ ಮೇಲೆ ನಿಂತಿರಲಿಲ್ಲ. ಈಗ ನೋಡಿದರೆ ಹೀಗೆ. ಮುಂದಿನ ಶನಿವಾರ ಹುಡುಗಿ ಬರುವಷ್ಟರಲ್ಲಿ ಮೀನು ಸತ್ತಿದ್ದರೆ ಅವಳು ಅಳುವುದಿಲ್ಲ, ಬೈಯುವುದಿಲ್ಲ. ಸುಮ್ಮನೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಆಮೇಲೆ ಎಷ್ಟು ತಟ್ಟಿದರೂ ಆ ಬಾಗಿಲು ತೆರೆಯುವುದಿಲ್ಲ ಎಂಬುದು ಚಿಕ್ಕಮ್ಮನಿಗೆ ಖಾತ್ರಿಯಿತ್ತು.

ಮಾಡದ ಸಾಹಸವಿಲ್ಲ. ಕಾಳನ್ನು ನೆನೆಸಿ ಹಾಕಿದಳು, ಪುಡಿ ಮಾಡಿ ಹಾಕಿದಳು, ಕಡ್ಡಿಯ ತುದಿಗಿಟ್ಟು ಅವನ ಮೂಗಿನ ಮುಂದೆ ಕುಣಿಸಿದಳು. ಹಸಿವಾದರೆ ತಾನೇ ತಿನ್ನುತ್ತೆ ಬಿಡು ಎಂದ ಗಂಡನಿಗೆ, ಸರಿ, ಇವತ್ತು ನಿಮಗೂ ಅದೇ ನ್ಯಾಯ ಎಂದು ಹೇಳಿ ಊಟ ಬಡಿಸದೆ ಎದ್ದು ಹೋದಳು. ಸಾಕುಮೀನಿನ ಅಂಗಡಿಗೆ ಓಡಿದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಅಂಗಡಿಯವನು ತಲೆ ಎತ್ತದೆ, ರುಚಿ ಬದಲಾಯಿಸಿ ನೋಡಿ ಎಂದು ಮಂಜುಗಟ್ಟಿಸಿದ ಹುಳುಗಳ ಪೊಟ್ಟಣವೊಂದನ್ನು ಕೈಗಿಟ್ಟು ಅವಳನ್ನು ಸಾಗಹಾಕಿದ. ಚಿಕ್ಕಮ್ಮ ಮುಖ ತಿರುಗಿಸಿಕೊಂಡೇ ಹುಳುವನ್ನು ನೀರಿಗೆ ಹಾಕಿದಳು. ದೊರೆ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಯಾರು ಎದುರು ಬಂದರೂ ಕಿವಿರು ಉಬ್ಬಿಸಿ ಜಗಳಕ್ಕೆ ನಿಲ್ಲುತ್ತಿದ್ದವನು, ನೆನೆದ ಕೊಡೆಯಂತೆ ಬಾಲ ಮಡಚಿಕೊಂಡು ತೊಟ್ಟಿಯ ತಳ ಹಿಡಿದಿದ್ದ.

ಗುರುವಾರ ಮಧ್ಯಾಹ್ನ, ಬೇಕರಿಯ ಕೆಲಸ ಮುಗಿಸಿ ಬಂದವಳು ತಿನ್ನದೆ ಉಳಿದ ಕಾಳು ಕೊಳೆಯುವುದು ಬೇಡವೆಂದು ತೊಟ್ಟಿಗೆ ಕೈ ಹಾಕಿದಳು. ಮಣಿಕಟ್ಟು ನೀರಿಗೆ ಮುಳುಗಿದ್ದೇ ತಡ, ಅವಳ ಕೈ ಅಲ್ಲೇ ನಿಂತಿತು.

ಮದುವೆಗೆ ಮುಂಚಿನಿಂದಲೂ, ಒಟ್ಟು ಹದಿಮೂರು ವರ್ಷದಿಂದ, ದಿನಾ ಬೆಳಿಗ್ಗೆ ಹಿಟ್ಟು ಕಲಸುವವಳು ಅವಳು. ಯೀಸ್ಟ್ ಹಾಕುವ ಮುಂಚೆ ನೀರಿಗೆ ಮಣಿಕಟ್ಟಿನ ಒಳಭಾಗ ಅದ್ದಿ ನೋಡುತ್ತಾಳೆ. ಸುಟ್ಟರೆ ಯೀಸ್ಟ್ ಸಾಯುತ್ತದೆ, ತಣ್ಣಗಿದ್ದರೆ ಮಲಗುತ್ತದೆ. ಎರಡರ ನಡುವಿನ ಹದ ಅವಳ ಮಣಿಕಟ್ಟಿಗೆ ಕರಗತ. ಈಗ ಆ ಮಣಿಕಟ್ಟು ಹೇಳಿದ್ದಿಷ್ಟು: ಈ ನೀರಿಗೆ ಯೀಸ್ಟ್ ಹಾಕಿದ್ದರೆ ನಾಳೆಯವರೆಗೂ ಅದು ಕಣ್ಣು ಬಿಡುತ್ತಿರಲಿಲ್ಲ.

ಮೀನಿಗೆ ರೋಗವಿಲ್ಲ, ಸೊಕ್ಕಿಲ್ಲ, ರುಚಿಯ ತಕರಾರಿಲ್ಲ. ಅದಕ್ಕೆ ಚಳಿ.

ಗೆದ್ದೆ ಎಂದು ಕುಣಿಯಬೇಕೆನ್ನುವಷ್ಟರಲ್ಲಿ ಇನ್ನೊಂದು ಹೊಳೆದು ಅವಳ ಮುಖ ಕಪ್ಪಿಟ್ಟಿತು. ತೊಟ್ಟಿ ಇದ್ದದ್ದು ಮೆಟ್ಟಿಲ ತಿರುವಿನ ಕತ್ತಲೆ ಮೂಲೆಯಲ್ಲಿ. ಬೇಕರಿ ಒಲೆಯ ಹೊಗೆಕೊಳವೆ ಆ ಗೋಡೆಯೊಳಗೇ ಹಾದುಹೋಗುತ್ತದೆ. ಗೋಡೆ ಸದಾ ಬೆಚ್ಚಗೆ. ಹುಡುಗಿ ಹೊರಟ ದಿನವೇ, ಧೂಳು ಹಿಡಿದ ಆ ಮೂಲೆ ದೊರೆಗೆ ತಕ್ಕುದಲ್ಲ, ಮಗು ವಾಪಸು ಬಂದಾಗ ನೋಡಿ ಖುಷಿಪಡಲಿ ಎಂದು ತೊಟ್ಟಿಯನ್ನು ಕಿಟಕಿಯ ಪಕ್ಕದ ಮೇಜಿಗೆ ತಂದು, ಒಗೆದ ಬಟ್ಟೆ ಹಾಸಿ ಇಟ್ಟವಳು ಬೇರೆ ಯಾರೂ ಅಲ್ಲ. ಅವಳೇ. ಕಿಟಕಿಯ ಸಂದಿಯಿಂದ ಹಗಲೂ ರಾತ್ರಿ ಚಳಿಗಾಳಿ ಬರುತ್ತಿತ್ತು.

ತನ್ನನ್ನು ತಾನೇ ಬೈದುಕೊಳ್ಳಲು ಆಮೇಲೆ ಪುರುಸೊತ್ತಾಗುತ್ತದೆ. ಅವಳು ಮೀನಿನ ಅಂಗಡಿಗೆ ಫೋನು ಹಚ್ಚಿ, ಬೆಟ್ಟಾ ಮೀನಿಗೆ ನೀರು ಎಷ್ಟು ಬೆಚ್ಚಗಿರಬೇಕು ಎಂದು ಕೇಳಿದಳು.

"ಇಪ್ಪತ್ತಾರು, ಇಪ್ಪತ್ತೇಳು ಡಿಗ್ರಿ," ಎಂದ ಅವನು. "ಬಿಸಿನೀರು ಸುರೀಬೇಡಿ ಮತ್ತೆ. ನಿಧಾನಕ್ಕೆ ಕಾಯ್ಬೇಕು."

ಚಿಕ್ಕಮ್ಮ ಫೋನು ಇಟ್ಟಳು. ಇಪ್ಪತ್ತೇಳು ಎಂದರೆ ಕೆಳಗೆ ಹಿಟ್ಟು ಉಬ್ಬಲು ಇಡುವ ಕೋಣೆಯ ಶಾಖ. ಬಾಗಿಲ ಪಕ್ಕದ ಥರ್ಮಾಮೀಟರಿನಲ್ಲಿ ಆ ಅಂಕಿಯನ್ನು ಅವಳು ದಿನಕ್ಕೆ ಹತ್ತು ಸಲ ನೋಡುತ್ತಾಳೆ. ಮೆಟ್ಟಿಲ ಮೂಲೆಯ ಗೋಡೆಯ ಹದವಾದ ಶಾಖಕ್ಕೆ ಇಷ್ಟು ತಣ್ಣಗಾದ ನೀರು ಬಿಸಿಯೇರಲು ಎರಡು ದಿನ ಬೇಕು. ಅಲ್ಲಿಯವರೆಗೆ ಕಾಯಲು ಅವಳಿಂದಾಗದು. ಅರ್ಧ ನೀರು ತೆಗೆದು ಪಾತ್ರೆಗೆ ಹಾಕಿಟ್ಟಳು, ತೊಟ್ಟಿಯನ್ನು ಎದೆಗವಚಿಕೊಂಡಳು, ಉಸಿರು ಬಿಗಿಹಿಡಿದು ಒಂದೊಂದೇ ಮೆಟ್ಟಿಲಿಳಿದಳು. ಹಿಟ್ಟಿನ ಕೋಣೆಯಲ್ಲಿ ನಡುವಿನ ಹಲಗೆಯ ತುಂಬ ಬನ್ನಿನ ಉಂಡೆಗಳಿದ್ದವು. ಅವನ್ನು ತಟ್ಟೆ ಸಮೇತ ಎತ್ತಿ ಗಂಡನ ಕೈಗೆ ಕೊಟ್ಟಳು.

"ಇದನ್ನೆಲ್ಲಿ ಇಡ್ಲಿ?" ಎಂದ ಬೇಕರಿಯವನು.

"ನಿಮ್ಮ ತಲೆ ಮೇಲಿಟ್ಕೊಳ್ಳಿ. ನನ್ನ ಮೀನು ಸಾಯ್ತಾ ಇದೆ."

ನನ್ನ ಮೀನು ಎಂದದ್ದು ಅವಳಿಗೂ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು. ಬನ್ನು ಹೊತ್ತು ತೆಪ್ಪಗೆ ಹೊರಗೆ ಹೋದ.

ಶುಕ್ರವಾರ ಬೆಳಗಾಗುವಷ್ಟರಲ್ಲಿ ದೊರೆ ತಳ ಬಿಟ್ಟು ಮೇಲಕ್ಕೆ ಬಂದಿದ್ದ. ಹತ್ತು ಗಂಟೆಗೆ ಬಾಲ ಬಿಚ್ಚಿತು. ಹನ್ನೊಂದಕ್ಕೆ ಬೇಕರಿಯವನು ಇಣುಕಿದರೆ ಅವನ ಮೇಲೇ ದೊರೆ ಕಿವಿರು ಉಬ್ಬಿಸಿದ. ನನ್ನನ್ನೇ ಹೆದರಿಸುತ್ತಲ್ಲೇ ಎಂದು ಅವನು ಹಿಗ್ಗಿಹೋದ. ಚಿಕ್ಕಮ್ಮ ಒಂದೇ ಒಂದು ಕಾಳು ಹಾಕಿದಳು. ಕಾಳು ತೇಲಿತು. ದೊರೆ ನೋಡಿದ, ಬಂದ, ಗಬಕ್ಕನೆ ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದ. ಅವಳ ಜೀವ ಬಾಯಿಗೆ ಬಂತು. ಕಾಳು ಕೆಳಗಿಳಿಯುತ್ತಿತ್ತು. ದೊರೆ ಸರ್ರನೆ ಹಿಂದೆಯೇ ಹೋಗಿ ಮತ್ತೆ ಹಿಡಿದ, ಮೆದ್ದ, ನುಂಗಿದ.

ಅವಳು ಹಾಕಿದ ಕೂಗಿಗೆ ಅಂಗಡಿಯ ಮುಂದಿದ್ದ ಗಿರಾಕಿಗಳೆಲ್ಲ ಬೆಚ್ಚಿದರು. ಕೈ ಸುಟ್ಟುಕೊಂಡಳೆಂದೇ ತಿಳಿದು ಬೇಕರಿಯವನು ಓಡಿಬಂದರೆ, ಹೆಂಡತಿ ಅವನನ್ನು ತಬ್ಬಿಕೊಂಡು ನಗುತ್ತಿದ್ದಾಳೆ, ಅಳುತ್ತಿದ್ದಾಳೆ. ಅವನ ಕೈಯ ಹಿಟ್ಟೆಲ್ಲ ಅವಳ ಬೆನ್ನಿಗೆ. ದೊರೆ ಎರಡನೆಯದನ್ನೂ ತಿಂದ, ಮೂರನೆಯದನ್ನೂ ತಿಂದ.

ಶನಿವಾರ ಬೆಳಿಗ್ಗೆ ತೊಟ್ಟಿ ಮೆಟ್ಟಿಲ ಮೂಲೆಗೆ ಮರಳಿತು. ಮಧ್ಯಾಹ್ನ ಬಂದ ಹುಡುಗಿ ಚೀಲವನ್ನೂ ಇಳಿಸದೆ ಸೀದಾ ಅಲ್ಲಿಗೇ ಓಡಿದಳು. ದೊರೆ ಠೀವಿಯಿಂದ ಕಿವಿರು ಉಬ್ಬಿಸಿದ. ಹುಡುಗಿಯ ಮುಖ ಅರಳಿತು. ಏನೂ ಆಗಿಯೇ ಇಲ್ಲ ಎಂಬಂತೆ ಇದ್ದುಬಿಡಬಹುದಿತ್ತು. ಗಂಡ ಬೆಳಿಗ್ಗೆ ಅದನ್ನೇ ಹೇಳಿದ್ದ. ಚಿಕ್ಕಮ್ಮನೂ ಹಾಗೇ ಅಂದುಕೊಂಡಿದ್ದಳು. ಆದರೆ ಆ ಅರಳಿದ ಮುಖವನ್ನು ಕಂಡ ಮೇಲೆ ಸುಳ್ಳಿನಿಂದ ಆ ಖುಷಿಯನ್ನು ಉಳಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

"ಇವನು ಐದು ದಿನ ಊಟ ಬಿಟ್ಟಿದ್ದ," ಎಂದಳು. "ತಪ್ಪು ನಂದೇ. ಚೆಂದ ಕಾಣ್ಲಿ ಅಂತ ಕಿಟಕಿ ಹತ್ರ ಇಟ್ಟಿದ್ದೆ. ಚಳಿಗೆ ಸತ್ತೇ ಹೋಗ್ತಿದ್ದ."

ಹುಡುಗಿಯ ನಗು ನಿಂತಿತು. ಅವಳು ಚೀಲ ಇಳಿಸಿದಳು, ಮೆಟ್ಟಿಲ ಮೇಲೆ ಕೂತಳು, ಬಹಳ ಹೊತ್ತು ಮೀನನ್ನೇ ನೋಡಿದಳು. ಚಿಕ್ಕಮ್ಮ ಬಾಗಿಲು ಹಾಕಿಕೊಳ್ಳುವ ಸದ್ದಿಗೆ ಕಾದಳು. ಹುಡುಗಿ ಏಳಲಿಲ್ಲ, ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಚಿಕ್ಕಮ್ಮ ಕೂತಳು.

"ಇವನು ಎರಡನೇ ದೊರೆ," ಎಂದಳು ಹುಡುಗಿ, ತಗ್ಗಿದ ದನಿಯಲ್ಲಿ. "ಮೊದಲನೇವ್ನು ಹೋದ ಚಳಿಗಾಲದಲ್ಲಿ ಸತ್ತ. ಕಿಟಕಿ ಹತ್ರಾನೇ. ನಾನೇ ಇಟ್ಟಿದ್ದೆ. ಯಾರಿಗೂ ಗೊತ್ತಾಗ್ದ ಹಾಗೆ ಅಂಥದ್ದೇ ಇನ್ನೊಂದು ತಂದುಬಿಟ್ಟೆ. ಹೋಗೋವಾಗ ಕಿಟಕಿ ಹತ್ರ ಇಡ್ಬೇಡ ಅಂತ ನಿಂಗೆ ಹೇಳ್ಬೇಕಿತ್ತು, ಆದ್ರೆ ಹೇಳಿದ್ರೆ ಹೇಗೆ ಗೊತ್ತು ಅಂತ ಕೇಳ್ತಿದ್ದೆ." ಅವಳ ಕಣ್ಣು ತುಂಬಿತ್ತು. "ಅಪ್ಪನಿಗೆ ಹೇಳ್ಬೇಡ."

ಚಿಕ್ಕಮ್ಮ ಹೇಳುವುದಿಲ್ಲ ಎಂದು ತಲೆಯಾಡಿಸಿದಳು.

ಕೆಳಗಿನಿಂದ ಬೇಕರಿಯವನು, ಅದೇನು ಇಬ್ಬರೂ ಅಷ್ಟು ಹೊತ್ತಿನಿಂದ ಪಿಸುಗುಟ್ಟುತ್ತಿದ್ದೀರಿ ಎಂದು ಕೂಗಿ ಕೇಳಿದ.

"ಏನಿಲ್ಲ," ಎಂದು ಇಬ್ಬರೂ ಒಟ್ಟಿಗೇ ಹೇಳಿದರು.